ಟ್ಯಾಬ್ ಕಾಣೆಯಾಗಿಲ್ಲ ಎಂಬ ಬಗ್ಗೆ

ಹೆಸರು: ಉಮ್ಸುನೈ ಝಪಾರೋವಾ. ವಯಸ್ಸು: 63 ವರ್ಷ. ಕಸುಬು: ನಿವೃತ್ತ ಗಣಿತ ಶಿಕ್ಷಕಿ, ಈಗ ಆ್ಯಪ್ ತಯಾರಿಸುವುದು. ವಾಸ: ಮೇಲಿನ ಬೀದಿ, ಮನೆ ನಂ. 17, ಸಾರಿ-ಅರಿಕ್ ಗ್ರಾಮ, ನಾರಿನ್ ಪ್ರಾಂತ್ಯ, ಕಿರ್ಗಿಸ್ತಾನ.

ಇಂದು ಬೆಳಗ್ಗೆ 10:40ಕ್ಕೆ ನಾನು ಕೊಟ್ಟ ಕಳ್ಳತನದ ದೂರಿನ ಮುಂದುವರಿಕೆಯಾಗಿ, ಸಂಜೆ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ನಮ್ಮ ಊರಿನ 42 ಮನೆಗಳ ಹಿತ್ತಲಿಗೆ ಒಂದೇ ಕಾಲುವೆಯಿಂದ ನೀರು ಬರುತ್ತದೆ. ಯಾರ ಪಾಳಿ ಯಾವಾಗ ಎಂಬ ಜಗಳ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಇದಕ್ಕಾಗಿ ನಾನು ಗ್ರಂಥಾಲಯದ ತರಗತಿಗೆ ಹೋಗಿ ಆ್ಯಪ್ ಮಾಡುವುದನ್ನು ಕಲಿತು, ಒಂದು ವರ್ಷ ಎಂಟು ತಿಂಗಳು ಕುಳಿತು, ಟ್ಯಾಬ್‌ನಲ್ಲಿ ನೀರಿನ ಪಾಳಿಯ ಆ್ಯಪ್ ತಯಾರಿಸಿದ್ದೆ. ಕಳೆದ 19 ದಿನಗಳಿಂದ ಪರೀಕ್ಷೆಗೆಂದು ಟ್ಯಾಬನ್ನು ನಮ್ಮ ಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ಜನ ಬಂದು ನೋಡಿಕೊಂಡು ಹೋಗುತ್ತಿದ್ದರು. ಇದನ್ನು ಊರಿಗೆಲ್ಲ ಖಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಇಂದು ಮಧ್ಯಾಹ್ನ 2:00 ಗಂಟೆಗೆ ಸಭೆ ಕರೆಯಲಾಗಿತ್ತು. ಆ್ಯಪ್ ಇದ್ದದ್ದು ಆ ಒಂದು ಟ್ಯಾಬ್‌ನಲ್ಲಿ ಮಾತ್ರ. ಇನ್ನೊಂದು ಕಾಪಿ ತೆಗೆದಿಡು ಎಂದು ನನ್ನ ಮಗಳು ಜಿಪರ್‌ಗುಲ್ ಹನ್ನೊಂದು ಸಲ ಹೇಳಿದ್ದಳು. ನಾನು ಇಟ್ಟಿರಲಿಲ್ಲ. ನನಗೆ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ.

ಇಂದು ಬೆಳಗ್ಗೆ 9:35ಕ್ಕೆ ನಮ್ಮ ಊರಿನ ಅಸಾಂಕುಲ್ ತೊಕೊಯೆವ್, 71 ವರ್ಷ, ನಮ್ಮ ಅಂಗಳಕ್ಕೆ ಓಡಿ ಬಂದರು. ಇವರು 31 ವರ್ಷ ಊರಿನ ನೀರುಗಂಟಿಯಾಗಿ, ಕೇಳಲು ಬಂದವರಿಗೆಲ್ಲ ಪಾಳಿ ಹೇಳುತ್ತಿದ್ದವರು. ಆ್ಯಪ್ ಬಂದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಅವರು ಓಡಿದ್ದನ್ನು ನಾನು ಈ ಮೊದಲು ನೋಡಿಲ್ಲ. ಬಾಗಿಲಲ್ಲಿ ನಿಂತು "ಸುಯುಂಚು, ಟೀಚರಮ್ಮ, ಸುಯುಂಚು" ಎಂದು ಕೂಗಿದರು. ಹಾಗೆ ಕೂಗಿ ಒಳ್ಳೆಯ ಸುದ್ದಿ ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಕೊಟ್ಟ ಕಾಣಿಕೆಯನ್ನು ವಾಪಸ್ ಕೇಳುವಂತೆಯೂ ಇಲ್ಲ. ಇದು ಠಾಣೆಗೂ ಗೊತ್ತಿರುವ ವಿಷಯ, ಆದರೂ ದಾಖಲೆಗೆ ಇರಲಿ.

ಸುದ್ದಿ ಏನೆಂದರೆ, ನಾರಿನ್ ಪಟ್ಟಣದಲ್ಲಿರುವ ನನ್ನ ಮಗಳಿಗೆ ಬೆಳಗ್ಗೆ 8:50ಕ್ಕೆ ಹೆಣ್ಣು ಮಗು ಆಗಿದೆ, ಬಾಣಂತಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಆದ ಮಗು. ನನ್ನ ಫೋನಿನ ಚಾರ್ಜ್ ಮುಗಿದಿದ್ದರಿಂದ ಅಳಿಯ ಇವರಿಗೆ ಫೋನ್ ಮಾಡಿದ್ದ. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಆಮೇಲೆ ಎದ್ದು, "ಅಣ್ಣಾ, ಈ ಮನೇಲಿ ನಿಮ್ಮ ಕಣ್ಣಿಗೆ ಏನು ಬೀಳುತ್ತೋ ತಗೊಳ್ಳಿ" ಎಂದು ಹೇಳಿ ಚಹಾ ತರಲು ಹಿಂದಿನ ಒಲೆಯ ಹತ್ತಿರ ಹೋದೆ. ಗೂಟದ ಮೇಲಿದ್ದ ಹೊಸ ಕುರಿಚರ್ಮದ ಕೋಟನ್ನು ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ.

9:50ಕ್ಕೆ ಚಹಾ ತಂದು ನೋಡಿದಾಗ ಕೋಟು ಗೂಟದಲ್ಲೇ ಇತ್ತು. ಕಿಟಕಿಯಲ್ಲಿ ಟ್ಯಾಬ್ ಇರಲಿಲ್ಲ. ಅಸಾಂಕುಲ್ ಅವರೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಸುಯುಂಚುವಿನ ನೆನಪೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅದನ್ನು ಪಕ್ಕಕ್ಕಿಟ್ಟು, ಸಭೆ ಕೆಡಿಸಲು ಬೇಕೆಂದೇ ಕದ್ದಿದ್ದಾರೆ ಎಂದು ತೀರ್ಮಾನಿಸಿ, ಠಾಣೆಗೆ ಬಂದು ದೂರು ಕೊಟ್ಟೆ. ಅಜ್ಜಿಯಾಗಿ ಎರಡು ಗಂಟೆಯೂ ಆಗಿರಲಿಲ್ಲ.

11:25ಕ್ಕೆ ಸಾರ್ಜೆಂಟ್ ಮೆಲಿಸ್ ಅವರೊಂದಿಗೆ, ನಮ್ಮ ಮನೆಯಿಂದ 640 ಮೀಟರ್ ದೂರದ ಅಸಾಂಕುಲ್ ಅವರ ಮನೆಗೆ ಹೋದೆ. ಗೇಟಿನ ಬಳಿ ಆರು ಜನ ಸನಿಕೆ ಹಿಡಿದು ನಿಂತಿದ್ದರು. ಅಸಾಂಕುಲ್ ಅವರು ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು, ಟ್ಯಾಬನ್ನು ತೊಡೆಯ ಮೇಲಿಟ್ಟು ಪಾಳಿ ಓದಿ ಹೇಳುತ್ತಿದ್ದರು. ಎಲ್ಲರಿಗೂ ಚಹಾ ಕೊಟ್ಟಿದ್ದರು.

ಟ್ಯಾಬ್ ಏಕೆ ತಂದಿರಿ ಎಂದು ಸಾರ್ಜೆಂಟ್ ಕೇಳಿದ್ದಕ್ಕೆ, "ಕಣ್ಣಿಗೆ ಬಿದ್ದದ್ದು ತಗೊಳ್ಳಿ ಅಂದೋರು ಟೀಚರಮ್ಮನೇ. ನನ್ನ ಕಣ್ಣಿಗೆ ಇದು ಬಿತ್ತು" ಎಂದರು. ಸಾರ್ಜೆಂಟ್ ಮೆಲಿಸ್ ನನ್ನ ಹಳೆಯ ವಿದ್ಯಾರ್ಥಿ. ಟೋಪಿ ತೆಗೆದು ತಲೆ ಕೆರೆದುಕೊಂಡು, "ಟೀಚರ್, ಸುಯುಂಚು ಕೊಟ್ಟಿದ್ದನ್ನ ನಾನು ವಾಪಸ್ ಕೊಡಿಸಿದ್ರೆ ನಮ್ಮಮ್ಮ ನನ್ನನ್ನ ಮನೆಯೊಳಗೆ ಸೇರಿಸಲ್ಲ" ಎಂದರು.

ಅಲಾರಂ ನಿಲ್ಲಿಸಲೂ ಬಾರದ ನಿಮಗೆ ಟ್ಯಾಬ್ ಏತಕ್ಕೆ ಎಂದು ನಾನು ಅಸಾಂಕುಲ್ ಅವರನ್ನು ಜೋರಾಗಿ ಕೇಳಿದೆ. ಅವರು ಜೋರು ಮಾಡಲಿಲ್ಲ. "ಹತ್ತೊಂಬತ್ತು ದಿನದಿಂದ ಈ ಗೇಟು ಯಾರೂ ತೆಗೆದಿರಲಿಲ್ಲ ಉಮ್ಸುನೈ. ಇವತ್ತು ಆರು ಜನ ಬಂದ್ರು" ಎಂದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನಾಲ್ಕು ವರ್ಷದ ಮೇಲೆ. ನನಗೆ ನಾಚಿಕೆಯಾಯಿತು.

ಆಮೇಲೆ ಅವರು, "ಲೆಕ್ಕದಲ್ಲಿ ನೀವು ಗಟ್ಟಿ. ಆದರೆ ನಿಮ್ಮ ಈ ಹಲಗೆಗೆ ನೀರು ನಡೆಯುತ್ತೆ ಅನ್ನೋದೇ ಗೊತ್ತಿಲ್ಲ. ತೂಬು ಎತ್ತಿದ ಕೂಡಲೆ ಕೊನೇ ಮನೇಲಿ ನೀರು ಬಿತ್ತು ಅಂದ್ಕೊಂಡಿದೆ" ಎಂದರು. ತೂಬಿನಿಂದ ಕೊನೆಯ ಮನೆಗೆ 1,850 ಮೀಟರ್. ನೀರು ಅಲ್ಲಿಗೆ ತಲುಪಲು 40 ನಿಮಿಷ ಬೇಕು. ನಾನು ಆ ಮನೆಗೆ ತೂಬು ಎತ್ತಿದಾಗಿನಿಂದಲೇ 60 ನಿಮಿಷ ಎಣಿಸಿದ್ದೆ; ಸಿಕ್ಕಿದ್ದು 20 ನಿಮಿಷ. ಮೂವತ್ತೆಂಟು ವರ್ಷ ಗಣಿತ ಹೇಳಿದವಳು ನಾನು. ಕೊನೆಯ ಮನೆ ಸಾರ್ಜೆಂಟ್ ಮೆಲಿಸ್ ಅವರ ತಾಯಿಯದು. ಸಾರ್ಜೆಂಟ್ ಅವರು ಬರೆಯುವುದನ್ನು ನಿಲ್ಲಿಸಿ, "ಅಮ್ಮನ ಈರುಳ್ಳಿ ಒಣಗಿದ್ದು ಇದಕ್ಕಾ ಟೀಚರ್?" ಎಂದು ಕೇಳಿದರು. ಹೌದು ಎಂದೆ.

12:05ಕ್ಕೆ, ಸಾರ್ಜೆಂಟ್ ಅವರ ಜೀಪಿನಲ್ಲಿ ಚಾರ್ಜಿಗೆ ಇಟ್ಟಿದ್ದ ನನ್ನ ಫೋನಿಗೆ ಜಿಪರ್‌ಗುಲ್ ಕರೆ ಮಾಡಿದಳು. ಮಗುವಿಗೆ ಅಲ್ಮಾಶ್ ಎಂದು ಹೆಸರಿಟ್ಟಿರುವುದಾಗಿ ತಿಳಿಸಿದಳು. ಅಲ್ಮಾಶ್ ಅಂದರೆ ಅಸಾಂಕುಲ್ ಅವರ ಹೆಂಡತಿ. ನಮ್ಮ ಊರಿನ ಸೂಲಗಿತ್ತಿಯಾಗಿದ್ದವರು. ಜಿಪರ್‌ಗುಲ್ ಹುಟ್ಟಿದ್ದೂ ಅವರ ಕೈಯಲ್ಲೇ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ನಾನು ಜೀಪಿನಿಂದ ಗೇಟಿಗೆ ಬಂದು, ತೆರೆದೇ ಇದ್ದ ಗೇಟನ್ನು ಮುಚ್ಚಿ, ಪುನಃ ತೆಗೆದು, ಒಳಗೆ ಕಾಲಿಟ್ಟು "ಸುಯುಂಚು, ಅಸಾಂಕುಲ್ ಅಣ್ಣಾ, ಸುಯುಂಚು" ಎಂದು ಕೂಗಿದೆ. ನನಗೆ ಹುಚ್ಚು ಹಿಡಿಯಿತು ಎಂದು ಆರೂ ಜನ ತಿಳಿದರು. "ಅಲ್ಮಾಶ್ ಬಂದಿದ್ದಾಳೆ. ಮೂರು ಕಿಲೋ ನಾನೂರು ಗ್ರಾಂ ಇದ್ದಾಳಂತೆ" ಎಂದೆ. ಅಸಾಂಕುಲ್ ಅವರು ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರು ಅತ್ತರು. ನಾನೂ ಅತ್ತೆ.

ಆಮೇಲೆ ಅವರು ಟ್ಯಾಬನ್ನು ತಮ್ಮ ಅಂಗಿಯ ತೋಳಿನಿಂದ ಒರೆಸಿ ನನ್ನ ಕಡೆಗೆ ಸರಿಸಿ, "ಕಣ್ಣಿಗೆ ಬಿದ್ದದ್ದು ತಗೊಳ್ಳಿ ಟೀಚರಮ್ಮ" ಎಂದರು. ಎಲ್ಲರೂ ಟ್ಯಾಬನ್ನೇ ನೋಡುತ್ತಿದ್ದರು. ನಾನು, "ಅದು ನಿಮ್ಮದು, ಇಟ್ಕೊಳ್ಳಿ. ನನ್ನ ಕಣ್ಣು ಬಿದ್ದಿರೋದು ನಿಮ್ಮ ಮೇಲೆ" ಎಂದೆ. ಗೇಟಿನ ಬಳಿ ಒಬ್ಬರು ಸನಿಕೆ ಕೆಳಗೆ ಹಾಕಿ ನಕ್ಕರು. ಎರಡು ಗಂಟೆಯ ಸಭೆಗೆ ಇವರು ಬೇಕು ಎಂಬುದು ನನ್ನ ಮಾತಿನ ಅರ್ಥ. ಅವಸರದಲ್ಲಿ ಪೂರ್ತಿ ಹೇಳಿರಲಿಲ್ಲ. ಸಾರ್ಜೆಂಟ್ ಅವರು ಇದನ್ನು ಹೇಗೆ ಬರೆಯಲಿ ಎಂದು ಕೇಳಿದ್ದಕ್ಕೆ, ಹೇಳಿದ ಹಾಗೆಯೇ ಬರೆಯಿರಿ ಎಂದಿದ್ದೇನೆ.

ಸಭೆ 2:00ರಿಂದ 3:10ರವರೆಗೆ ನಡೆಯಿತು. ಯಾವ ಮನೆಗೆ ನೀರು ಎಷ್ಟು ನಿಮಿಷಕ್ಕೆ ತಲುಪುತ್ತದೆ ಎಂದು ಅಸಾಂಕುಲ್ ಅವರು ಯಾವ ಚೀಟಿಯೂ ಇಲ್ಲದೆ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು. ನಾನು ಅಲ್ಲಿಯೇ ಕುಳಿತು ಟ್ಯಾಬ್‌ನಲ್ಲಿ ತಿದ್ದಿದೆ. 42 ಮನೆಗಳಲ್ಲಿ 39 ಮನೆಯವರು ಒಪ್ಪಿ ಕೈ ಎತ್ತಿದರು. ಎತ್ತದ ಮೂವರಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು.

ಆದ್ದರಿಂದ ಕಳ್ಳತನ ನಡೆದಿಲ್ಲ. ನನ್ನ ಬೆಳಗಿನ ದೂರನ್ನು ಮುಕ್ತಾಯ ಮಾಡಬೇಕಾಗಿ ಕೋರುತ್ತೇನೆ. ಟ್ಯಾಬ್ ಅಸಾಂಕುಲ್ ಅವರ ಸ್ವತ್ತು. ಅದರೊಳಗಿನ ಆ್ಯಪ್ ನನ್ನದು. ಇಂದು ಒಂದು ಕಾಪಿಯನ್ನೂ ತೆಗೆದಿಟ್ಟಿದ್ದೇನೆ, ಇದನ್ನು ಮಗಳಿಗೆ ತಿಳಿಸಬೇಕಾಗಿಲ್ಲ. ಆ್ಯಪ್‌ನಲ್ಲಿ ತಿದ್ದುವುದು ಇನ್ನೂ ಬಹಳ ಇರುವುದರಿಂದ ನಾನು ದಿನವೂ ಬೆಳಗ್ಗೆ 7:00 ಗಂಟೆಗೆ 640 ಮೀಟರ್ ನಡೆದು ಅವರ ಮನೆಗೆ ಹೋಗಿ, ಅವರು ಮಾಡಿದ ಚಹಾ ಕುಡಿದು, ಕೆಲಸ ಮಾಡಬೇಕಾಗಿ ಬಂದಿದೆ. ಈ ಬಗ್ಗೆ ನನ್ನದು ಯಾವುದೇ ದೂರು ಇರುವುದಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ "ಕದ್ದರು" ಎಂದಿದ್ದನ್ನು ನಾನೇ ಹೊಡೆದುಹಾಕಿ "ತೆಗೆದುಕೊಂಡರು" ಎಂದು ಮಾಡಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ ಇದೆ.

ಸ್ಥಳ: ಸಾರಿ-ಅರಿಕ್ ಠಾಣೆ
ದಿನಾಂಕ: 14 ಜೂನ್ 2023, ಸಂಜೆ 5:20

(ಸಹಿ) ಉಮ್ಸುನೈ ಝಪಾರೋವಾ

ನನ್ನ ಮುಂದೆ: ಸಾರ್ಜೆಂಟ್ ಮೆಲಿಸ್. ಸಾಕ್ಷಿ: ಅಸಾಂಕುಲ್ ತೊಕೊಯೆವ್, ಟ್ಯಾಬ್ ಸಹಿತ ಹಾಜರು.