ಕೇಳಿದ ಮಾತು

...ಅಲ್ಲ, ನಿಲ್ಲಿಸಬೇಡ. ಆ ಕೊನೆಯದನ್ನ ಇನ್ನೊಂದು ಸಲ ಓದು. ನಿಧಾನಕ್ಕೆ. ಬಸ್ಸು ತಪ್ಪಿಹೋಗೋರ ಹಾಗೆ ಓಡಿಸ್ತೀಯಲ್ಲ ನೀನು. ಹೂಂ... ಹೂಂ... ಕೇಳಿದ ಮಾತು ಸಾಕ್ಷಿ ಆಗಲ್ಲ. ಅದು ನನಗೆ ಗೊತ್ತು, ಹೋದ ತಿಂಗಳೇ ನೀನು ಓದಿದ್ದೆ. ಕಣ್ಣಾರೆ ಕಂಡವರು ಬೇಕು. ಅವರು ಹಾಗಂದ್ರು ಇವರು ಹೀಗಂದ್ರು ಅಂದ್ರೆ ಕೋರ್ಟು ಕಿವಿಗೆ ಹಾಕ್ಕೊಳ್ಳಲ್ಲ. ಸರಿ. ಅದಾದ ಮೇಲೆ 'ಆದರೆ' ಅಂತ ಏನೋ ಅಂದೆಯಲ್ಲ. ಆ 'ಆದರೆ'ಯಿಂದ ಓದು.

ಹೋದ ತಿಂಗಳು ಈ 'ಆದರೆ' ಇರಲಿಲ್ಲವಲ್ಲೇ. ಇತ್ತಾ? ಇದ್ದಿದ್ದರೆ ನೀನು ಓದಲಿಲ್ಲ. ಅಲ್ಲಿಗೇ ಪುಸ್ತಕ ಮಡಚಿಟ್ಟು ಸ್ನಾನಕ್ಕೆ ಎದ್ದುಹೋದೆ. ನಾನು... ಏನಿಲ್ಲ. ಅವತ್ತು ಚೆನ್ನಾಗಿ ನಿದ್ದೆ ಬಂತು ಅಂತ ಹೇಳೋಕೆ ಹೊರಟಿದ್ದೆ.

ಯಾಕೆ ನಗ್ತೀಯ? ಪರೀಕ್ಷೆಗೆ ಅಜ್ಜಿನೇ ಕೂತ್ಕೋಬೇಕಾ? ಕೂತೇನು, ಏನೀಗ. ಬರೆಯೋಕೆ ಬಾರದು ಅಷ್ಟೇ. ಬಾಯಲ್ಲಿ ಕೇಳಲಿ, ನಿನ್ನ ಮೇಷ್ಟರಿಗೇ ಬೆವರು ಬರಬೇಕು. ನೀನು ಜೋರಾಗಿ ಓದದೆ ತಲೆಗೆ ಹತ್ತಿಸ್ಕೊಳ್ಳೋಳಲ್ಲ, ನೀನು ಓದೋವಾಗ ನಾನು ಈ ಮಂಚ ಬಿಟ್ಟು ಏಳೋಳಲ್ಲ. ಕಿವಿಗೆ ಬಿದ್ದಿದ್ದು ಎಲ್ಲಿಗೆ ಹೋಗುತ್ತೆ? ಮೊದಲು ಒಪ್ಪಂದದ್ದು ಓದಿದೆ. ಒಬ್ಬ ಕೊಡ್ತೀನಿ ಅನ್ನಬೇಕು, ಇನ್ನೊಬ್ಬ ಆಯ್ತು ಅನ್ನಬೇಕು, ಸುಮ್ಮನೆ ಕೂತರೆ ಒಪ್ಪಿಗೆ ಅಲ್ಲ. ಮೇಲಿನ ಮನೆ ಹೂಕುಂಡ ದಾರಿಹೋಕನ ತಲೆ ಮೇಲೆ ಬಿದ್ದರೆ ಯಾರ ಹೊಣೆ ಅಂತ ಒಂದು ಪುಸ್ತಕ. ಮದುವೆ, ವಿಚ್ಛೇದನ, ಮಕ್ಕಳು ಯಾರ ಪಾಲಿಗೆ ಅನ್ನೋದು ಒಂದು. ಸಂವಿಧಾನ, ಅದನ್ನ ಎತ್ತೋಕೇ ಎರಡು ಕೈ ಬೇಕು. ಆಮೇಲೆ ಅಪರಾಧದ್ದು. ಮನುಷ್ಯನ್ನ ಸಾಯಿಸೋದು ಎಲ್ಲಾ ಸಲನೂ ಕೊಲೆ ಅಲ್ಲ, ಅದರಲ್ಲಿ ಎರಡು ಥರ ಇದೆ ಅಂತ ನೀನು ಊಟಕ್ಕೆ ಕೂತು ವಿವರಿಸಿದೆ. ಸತ್ತವರಿಗೆ ಏನೇ ವ್ಯತ್ಯಾಸ ಅಂತ ನಿಮ್ಮಮ್ಮ ಕೇಳಿದಳು. ಅವಳಿಗೆ ತಿಳಿಸಿ ಹೇಳೋಕೆ ಹೋಗಿ ನಿನ್ನ ತಟ್ಟೆಯಲ್ಲಿದ್ದಿದ್ದೆಲ್ಲ ಆರಿ ತಣ್ಣಗಾಯಿತು.

ನೆನಪಿದೆಯಾ, ಸುಳ್ಳು ಕೋರ್ಟು ಮಾಡ್ತಾರೆ ಕಾಲೇಜಲ್ಲಿ ಅಂತ ಕರಿ ಕೋಟು ಹಾಕ್ಕೊಂಡು ಬಂದು ನನ್ನನ್ನೇ ಜಡ್ಜು ಮಾಡಿದ್ದು? ಬಗ್ಗಿ ನಿಂತು 'ಮಹಾಸ್ವಾಮಿ' ಅಂದೆ. ನಾನು ಬಟಾಣಿ ಸುಲೀತಾ ಇದ್ದೆ. ಕೇಸು ವಜಾ, ಹೋಗಿ ಕಾಫಿ ಇಡು ಅಂದೆ. ನಿಮ್ಮಮ್ಮ ಆ ಬಾಗಿಲಿಗೆ ಒರಗಿ ನಕ್ಕೂ ನಕ್ಕೂ ಕೆಳಗೇ ಕೂತುಬಿಟ್ಟಳು. ಅದೇ ವರ್ಷ ಚಳಿಗಾಲ ಮುಗಿಯೋದರೊಳಗೆ... ಈ ಮನೆ ಮೆಟ್ಟಿಲು. ದಿನಾ ಹತ್ತಿ ಇಳಿಯೋ ಮೆಟ್ಟಿಲು. ತೊಳೆದಿದ್ದರಂತೆ, ಒದ್ದೆ ಇತ್ತಂತೆ, ಜಾರಿದಳಂತೆ. ನಿಮ್ಮಪ್ಪ ಹೇಳಿದ, ಪೊಲೀಸರು ಬರ್ಕೊಂಡು ಹೋದರು.

ಇರಲಿ. ಪಾಠಕ್ಕೆ ಬಾ. ನಿಮ್ಮಪ್ಪ ಊಟಕ್ಕೆ ಬರೋದರೊಳಗೆ ಇದೊಂದು ಮುಗಿಸಿಬಿಡು. ಭಾನುವಾರ ಅವನ ಹತ್ತಿರ ಕಾರು ಕಲಿಯೋಕೆ ಬರೋರು ಜಾಸ್ತಿ, ಅವನು ತಡವಾಗೇ ಬರೋದು. ಎಷ್ಟು ತಾಳ್ಮೆ ಅಂತಾರೆ ಕಲಿಯೋರೆಲ್ಲ. ಗೋಡೆಗೇ ಗುದ್ದಿಸಿದರೂ ಗದರಲ್ಲವಂತೆ.

ಹೂಂ, ಈಗ ನಾನು ಹೇಳ್ತೀನಿ, ಸರಿ ಇದೆಯಾ ನೋಡು. ಸತ್ತುಹೋದವರು ತಮಗೆ ಹೀಗೆ ಹೀಗಾಯಿತು ಅಂತ ಸಾಯೋ ಮುಂಚೆ ಹೇಳಿದ್ದರೆ, ಅದು ಕೇಳಿದ ಮಾತಾದರೂ ಕೋರ್ಟಲ್ಲಿ ನಡೆಯುತ್ತೆ. ಯಾಕಂದರೆ ಅವರನ್ನ ಇನ್ನು ಕರೆಸಿ ಕೇಳೋಕಾಗಲ್ಲ. ಹೌದಾ? ಡಾಕ್ಟರ ಮುಂದೇನೇ ಹೇಳಿರಬೇಕಾ? ಪೊಲೀಸರ ಮುಂದೆ?... ಯಾರ ಮುಂದೆ ಆದರೂ. ಯಾರು ಅಂದರೆ... ಹೆಬ್ಬೆಟ್ಟು ಒತ್ತೋರ ಮುಂದೆ ಹೇಳಿದ್ದರೂ? ಅದು ಪುಸ್ತಕದಲ್ಲೇ ಇದೆಯಾ, ಇಲ್ಲ ನೀನು ಹೇಳ್ತಿದ್ದೀಯಾ?

ಹಾಗೆ ನೋಡಬೇಡ. ಸುಮ್ಮನೆ ಕೇಳಿದೆ ಕಣೇ. ನನ್ನ ತಂಗಿ ಬೀದಿಯಲ್ಲಿ ಒಬ್ಬಳು ಮುದುಕಿ ಇದ್ದಾಳೆ, ನಿನಗೆ ಗೊತ್ತಿಲ್ಲ. ಅವಳ ಸೊಸೆ ಆಸ್ಪತ್ರೆಯಲ್ಲಿ ಪ್ರಾಣ ಹೋಗೋ ಮುಂಚೆ ಏನೋ ಅಂದಳಂತೆ. ಮಗನ ವಿಷಯ. ಪಾಪ, ಅವಳು ಒಬ್ಬಳೇ ಅದನ್ನ ನುಂಗ್ಕೊಂಡು ಕೂತಿದ್ದಾಳೆ. ಅವಳ ಪರವಾಗಿ ಕೇಳ್ತಿದ್ದೀನಿ ಅಂತ ಇಟ್ಕೋ.

ಗಂಡ ಹೆಂಡತಿ ಹತ್ತಿರ ಹೇಳಿದ್ದನ್ನ ಕೋರ್ಟು ಬಾಯಿಬಿಡಿಸೋ ಹಾಗಿಲ್ಲ ಅಂತ ನಿನ್ನೆ ಓದಿದೆ. ವಕೀಲರ ಹತ್ತಿರ ಹೇಳಿದ್ದನ್ನೂ. ಮಗ ತಾಯಿ ಹತ್ತಿರ ಬಂದು ಹೇಳ್ಕೊಂಡು ಅತ್ತಿದ್ದರೆ?... ಇಲ್ವಾ? ಸರಿಯಾಗಿ ನೋಡು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಹಾಕಿರ್ತಾರಲ್ಲ, ಅಲ್ಲಿ? ತಾಯಿಗೆ ಅಂತ ಒಂದು ಸಾಲೂ ಇಲ್ವಾ. ಇಷ್ಟು ದಪ್ಪ ಪುಸ್ತಕ ಬರೆದೋರಿಗೆ ಒಬ್ಬರಿಗೂ ಅಮ್ಮ ಇರಲಿಲ್ಲವೇನೋ.

ನಗು ಬರಲಿಲ್ವಾ ನಿನಗೆ? ಆಗ ನಗ್ತಿದ್ದೆಯಲ್ಲ.

ತಡವಾಗಿ ಹೇಳಿದರೆ?... ಬಲ ಕಮ್ಮಿ ಆಗುತ್ತೆ. ಸುಳ್ಳಾಗಲ್ಲ, ಬಲ ಕಮ್ಮಿ ಆಗುತ್ತೆ. ಇಷ್ಟು ದಿನ ಯಾಕೆ ಬಾಯಿ ಹೊಲ್ಕೊಂಡಿದ್ದೆ ಅಂತ ಎದುರು ವಕೀಲರು ಹಿಡ್ಕೋತಾರೆ. ಹೂಂ. ಹಿಡ್ಕೊಳ್ಳಲಿ. ಅವಳು ಸುಳ್ಳೇನೂ ಹೇಳಿಲ್ಲ ಕಣೇ, ಆ ಮುದುಕಿ. ಬಂದಿದ್ದ ಪೊಲೀಸಿನವನು ನೋಡಿದಿರಾ ಅಂತ ಕೇಳಿದ, ಇಲ್ಲ ಅಂದಳು. ನಿಜ, ನೋಡಿರಲಿಲ್ಲ. ಅಡುಗೆಮನೆಯಲ್ಲಿದ್ದಳು, ನಲ್ಲಿ ಬಿಟ್ಟಿತ್ತು. ನೋಡಿದಿರಾ ಅಂತ ಕೇಳಿದ, ಕೇಳಿದಿರಾ ಅಂತ ಕೇಳಲಿಲ್ಲ. ಕೇಳದೆ ಇದ್ದಿದ್ದಕ್ಕೆ ಅವಳು ಯಾಕೆ ಹೇಳಬೇಕು? ಅದೂ ಅಲ್ಲದೆ ಆ ಸೊಸೆನೇ ಬೇಡ ಅಂದಿದ್ದಳು. ತುಟಿಗೆ ಹತ್ತಿ ಅದ್ದಿ ಇಡ್ತಾ ಇದ್ದಾಗ ಕೈ ಹಿಡ್ಕೊಂಡು ಅಂದಳು, ಮಗಳಿಗೆ ಈಗಲೇ ಗೊತ್ತಾಗೋದು ಬೇಡ, ಅವಳ ಪರೀಕ್ಷೆ ಇದೆ, ಆ ಕರಿ ಕೋಟು ಬಿಚ್ಚಿಟ್ಟುಬಿಡ್ತಾಳೆ...

...

ಯಾಕೆ ಪುಸ್ತಕ ಮುಚ್ಚಿದೆ?

ಕರಿ ಕೋಟು ಅನ್ನೋದು... ಯಾರ ಮನೆ ಹುಡುಗಿಯಾದರೂ ಓದಬಾರದಾ ಲಾಯರಿಕೆ? ನೀನೊಬ್ಬಳೇನಾ ಈ ಊರಲ್ಲಿ ಓದೋಳು?

ಏನಾದರೂ ಮಾತಾಡೇ. ಬೈಯಿ. ಬೈದುಬಿಡು. ಅಮ್ಮ ಏನಾದರೂ ಹೇಳಿದಳಾ ಅಂತ ಆಸ್ಪತ್ರೆ ಬಾಗಿಲಲ್ಲೇ ನನ್ನ ಭುಜ ಹಿಡಿದು ಕೇಳಿದ್ದೆ ನೀನು. ನೀರು ಕೇಳಿದಳು ಅಂದೆ ನಾನು. ಕೇಳಿದ್ದಳು, ನೀರೂ ಕೇಳಿದ್ದಳು.

ಅಳ್ತಾನೂ ಇಲ್ಲವಲ್ಲ ನೀನು. ಕಣ್ಣು ಕೂಡ ಮಿಟುಕಿಸ್ತಿಲ್ಲ. ಗಾಬರಿನೂ ಆಗಲಿಲ್ಲ ನಿನಗೆ...

ಇರು. ಮೊನ್ನೆ ಸಾಕ್ಷಿಯ ಪಾಠ. ನಿನ್ನೆ ಸಾಕ್ಷಿಯ ಪಾಠ. ಇವತ್ತೂ ಇದೇ. ಬೇರೆ ಪಾಠಾನೇ ಇಲ್ವಾ ನಿನ್ನ ಪುಸ್ತಕದಲ್ಲಿ? ಹೋದ ತಿಂಗಳು 'ಆದರೆ' ಬರೋಕೆ ಮುಂಚೆ ನಿಲ್ಲಿಸಿದೋಳು, ಈಗ ಆ 'ಆದರೆ'ನೇ ಹಿಡ್ಕೊಂಡು ಕೂತಿದ್ದೀಯ. ಓ... ನನ್ನ ಕಿವಿಗೆ ಬೀಳಲಿ ಅಂತಲೇ ಓದ್ತಿದ್ದೆ ನೀನು. ನನ್ನನ್ನ ಗಮನಿಸಿದ್ದೀಯ. ನಿಮ್ಮಪ್ಪ ಕೊಟ್ಟ ಮಾತ್ರೆ ನಾನು ತಗೊಳ್ಳಲ್ಲ, ಅವನು ಊಟಕ್ಕೆ ಕೂತರೆ ಎದ್ದುಹೋಗ್ತೀನಿ, ಎಲ್ಲಾ ನೋಡಿದ್ದೀಯ. ನೋಡಿ ಒಂದು ಮಾತೂ ಕೇಳಲಿಲ್ಲ.

ಕೇಳಬಾರದು, ಅಲ್ವಾ? ಅದೂ ಓದಿದ್ದೆ ನೀನು. ತಮ್ಮ ಕಡೆ ಸಾಕ್ಷಿಗೆ ಉತ್ತರ ಬಾಯಿಗೆ ತುರುಕಿ ಪ್ರಶ್ನೆ ಹಾಕೋ ಹಾಗಿಲ್ಲ, ಸಾಕ್ಷಿ ತಾನಾಗೇ ಹೇಳಬೇಕು ಅಂತ. ಅಪ್ಪನೇ ಮಾಡಿದ್ದಾ ಅಂತ ನೀನು ಕೇಳಿ, ನಾನು ಹೂಂ ಅಂದಿದ್ದರೆ, ಅದು ನಿನ್ನ ಮಾತಾಗ್ತಿತ್ತು. ಅದಕ್ಕೇ ಈ ಮೌನ. ಎಲ್ಲಿಂದ ಬಂತೇ ಇಷ್ಟು ಗಟ್ಟಿ ಎದೆ ನಿನಗೆ. ನಿನ್ನ ಕೂದಲಿಗೆ ಎಣ್ಣೆ ಹಚ್ಚಿ ಬೆಳೆಸಿದೋಳು ನಾನು.

ಅವನನ್ನೂ ನಾನೇ ಬೆಳೆಸಿದ್ದು. ನನ್ನ ಮಗ ಕಣೇ ಅವನು.

ನಿನಗೊಬ್ಬಳಿಗೆ ಹೇಳಿ ಕಣ್ಣುಮುಚ್ಚಿಕೊಳ್ಳೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಆಮೇಲೆ ನೀನೇ ಏನಾದರೂ ಮಾಡ್ಕೋ ಅಂತ. ಆದರೆ ನಾನು ಹೋದ ಮೇಲೆ ನೀನು ಹೋಗಿ, ನಮ್ಮಜ್ಜಿ ಹೀಗಂದರು ಅಂದರೆ, ಅದು ಬರೀ ಕೇಳಿದ ಮಾತು. ನಡೆಯಲ್ಲ. ನಿನ್ನ ಬಾಯಿಂದ ನಡೆಯಲ್ಲ, ನನ್ನ ಬಾಯಿಂದಲೇ ಆಗಬೇಕು, ನಾನು ಇರುವಾಗಲೇ. ಅಷ್ಟು ಅರ್ಥ ಆಗಿದೆ ನನಗೆ.

ಏನು ಜಗಳ, ಯಾಕೆ ಜಗಳ, ಅದೆಲ್ಲ ನನ್ನನ್ನ ಕೇಳಬೇಡ. ಅವಳು ಹೇಳಲಿಲ್ಲ. ಅವಳು ಹೇಳದೆ ಇದ್ದಿದ್ದನ್ನ ನಾನು ಸೇರಿಸಲ್ಲ. ಅವಳು ಅಂದಿದ್ದು ಇಷ್ಟೇ, ಹೀಗೇ, ಇದೇ ಮಾತಲ್ಲಿ:

'ಅತ್ತೆ, ನಾನು ಜಾರಲಿಲ್ಲ. ಅವರು ತಳ್ಳಿದರು.'