ಬಾವಿಗೆ ಇಳಿಸದ ದೀಪ

ನಗಬೇಡಿ. ಇದು ನಮ್ಮ ದೊಡ್ಡಪ್ಪನ ಮಗ ಹರಿದಾಸನಿಗೆ ಆದದ್ದು. ಐವತ್ತೆಂಟನೇ ಇಸವಿಯಲ್ಲಿ, ಮದರಾಸಿನ ಪಶ್ಚಿಮ ಮಾಂಬಲದಲ್ಲಿ. ಅಂಬುಜಮ್ಮನವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ. ಪ್ಯಾರೀಸ್ ಕಾರ್ನರಿನ ಬ್ಯಾಂಕಿನ ಕೆಲಸ ಮುಗಿಸಿ ಬಂದರೆ ಅವರ ಬಾವಿ ದಾಟಿಯೇ ಒಳಗೆ ಹೋಗಬೇಕು.

ಅಂದು ರಾತ್ರಿ, ಮೇ ತಿಂಗಳ ಕತ್ತರಿ ಬಿಸಿಲು ಮುಗಿದು ಮೊದಲ ಮಳೆ. ಕರೆಂಟ್ ಹೋಗಿತ್ತು. ಬೆಂದ ಮಣ್ಣು ನೀರು ಕುಡಿಯುತ್ತಿತ್ತು… ಚುಯ್… ಚುಯ್… ಅದರ ನಡುವೆ ಬಾವಿಯ ರಾಟೆ. ಕಿರ್… ಕಿರ್… ಲಾಟೀನು ಎತ್ತಿ ನೋಡಿದ. ಅಂಬುಜಮ್ಮನ ಸೊಸೆ ತುಂಗಾ ಬಗ್ಗಿ ನಿಂತು ಹಗ್ಗ ಬಿಡುತ್ತಿದ್ದಾಳೆ.

"ಒಣ ಬಾವಿಗೆ ಏನಮ್ಮಾ ಇಳಿಸ್ತಿದ್ದೀಯ?"

"ಶ್… ಮೆಲ್ಲಗೆ ಅಣ್ಣಾ. ದೀಪ."

ಹರಿದಾಸ ಲಾಟೀನು ಹಿಡಿದು ಕಟ್ಟೆಯ ಹತ್ತಿರ ಬಂದ.

ಹಿಂದಿನ ವರ್ಷ ಆ ಬಾವಿ ಬತ್ತಿತ್ತು. ಬೀದಿಯಲ್ಲಿ ನಲ್ಲಿ ಇತ್ತು, ಆದರೆ "ಪೈಪಿನೊಳಗೆ ಚರ್ಮದ ವಾಷರ್ ಇರತ್ತೆ, ಆ ನೀರು ದೇವರಿಗಾ?" ಎಂದರು ಅಂಬುಜಮ್ಮ. ಹೂಳು ತೆಗೆಸಬೇಕು. ಹೊರಗಿನವರು ಇಳಿದರೆ ಮೈಲಿಗೆ. ಸರಿ, ಮಗ ಬದರಿನಾಥನೇ ಒದ್ದೆ ಪಂಚೆ ಉಟ್ಟು ನಿಂತ. ಅದರ ಹಿಂದಿನ ರಾತ್ರಿಯಷ್ಟೇ ಆ ವರ್ಷದ ಮೊದಲ ಮಳೆ ಬಿದ್ದಿತ್ತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿದರು: "ಮಾಮೀ, ಮೊದಲ್ಲೆ ವಿಳಕ್ಕು ಇರಕ್ಕಿ ಪಾರುಂಗೋ!" ಮೊದಲು ದೀಪ ಇಳಿಸಿ ನೋಡಿ ಅಂತ. ತುಂಗಾ ಬುಡ್ಡಿ ದೀಪ ಹಚ್ಚಿ ಓಡಿ ಬಂದಳು. ಅತ್ತೆ ತಡೆದರು.

"ದೀಪ ಆರಿದ್ರೆ ನಿನ್ನ ಕುಂಕುಮಕ್ಕೇ ಕೇಡು ಕಣೇ. ಒಳಗಿಡು!"

ಒಳಗಿಟ್ಟಳು. ಬದರಿ ಅರ್ಧ ಇಳಿದು ಒಮ್ಮೆ ಕೆಮ್ಮಿದ. ಆಮೇಲೆ… ಧಪ್.

ಡಾಕ್ಟರು ಬಂದು ತಲೆ ಚಚ್ಚಿಕೊಂಡರು. "ಬಿಸಿಲಿಗೆ ಒಣಗಿದ ನೆಲಕ್ಕೆ ಮಳೆ ಬಿದ್ರೆ ಮಣ್ಣಿನೊಳಗಿನ ಸಣ್ಣ ಜೀವಗಳೆಲ್ಲ ಒಟ್ಟಿಗೇ ಎದ್ದು ಉಸಿರು ಬಿಡ್ತವೆ. ಆ ಇಂಗಾಲದ ಗಾಳಿ ಭಾರ. ಬಾವಿಯಲ್ಲಿ ಇಳಿದು ಕೂತ್ಕೊಳ್ಳತ್ತೆ. ಮೊದಲು ದೀಪ ಇಳಿಸಿದ್ದಿದ್ರೆ ಅದು ಆರಿ ಗೊತ್ತಾಗ್ತಿತ್ತಲ್ಲ!"

ಹದಿಮೂರನೆಯ ದಿನದ ಅಡುಗೆಗೆ ನೀರು ಬೀದಿ ನಲ್ಲಿಯಿಂದಲೇ ಬಂತು. ಚರ್ಮದ ವಾಷರ್ ಆಗ ಯಾರ ಬಾಯಲ್ಲೂ ಇಲ್ಲ. ಈಗ ಹೇಳುವಾಗಲೂ ನನಗೆ ಮೈ ಉರಿಯುತ್ತದೆ.

ಇರಲಿ. ಹರಿದಾಸ ಕಟ್ಟೆಯ ಹತ್ತಿರ ನಿಂತಿದ್ದ. ಕೆಳಗಿನಿಂದ ಕೆಮ್ಮು. ಒಂದೇ ಸಲ. ಆಮೇಲೆ ಪಿಸುದನಿ…

"ತುಂಗಾ… ಇನ್ನೂ ಸ್ವಲ್ಪ ಇಳಿಸು."

"ಇಳಿಸ್ತಿದ್ದೀನಿ ರೀ."

ಹರಿದಾಸ ಓಡಿ ಕೋಣೆಯ ಚಿಲಕ ಹಾಕಿಕೊಂಡ.

ಬೆಳಗ್ಗೆ ಬಂದರೆ ತುಂಗಾ ಕಟ್ಟೆಯ ಮೇಲೇ ಕೂತಿದ್ದಳು. ಅಂಬುಜಮ್ಮ ಬಾಗಿಲಲ್ಲಿ ನಿಂತಿದ್ದರು. ಹರಿದಾಸ ಹಗ್ಗ ಸೇದಿದ. ಬುಡ್ಡಿ ದೀಪ ಉರಿಯುತ್ತಲೇ ಮೇಲೆ ಬಂತು. ನಂಬದೆ, ಅದೇ ಹಗ್ಗಕ್ಕೆ ತನ್ನ ಲಾಟೀನು ಕಟ್ಟಿ ಇಳಿಸಿದ. ಅರ್ಧ ದಾರಿಯಲ್ಲೇ ಆರಿತು.

ತುಂಗಾ ಉರಿಯುವ ದೀಪವನ್ನು ಅತ್ತೆಯ ಕೈಗಿಟ್ಟಳು.

"ಆರಿಲ್ಲ ಅತ್ತೆ. ಒಳಗಿಡಿ."

ಹರಿದಾಸ ಸುಳ್ಳು ಹೇಳುವವನಲ್ಲ. ಹಗ್ಗದ ಗಂಟು ಬಿಚ್ಚಿದವನು ಅವನೇ. ರಾತ್ರಿಯೆಲ್ಲ ಉರಿದ ಆ ಬುಡ್ಡಿಯಲ್ಲಿ ಎಣ್ಣೆ ಕಂಠದ ತನಕ ಇತ್ತು.