ಸುರಂಗದ ಬಾಯಲ್ಲಿ ಮಾತು ನಿಲ್ಲಿಸಿದ ವಿಚಾರ

ಹೇಳಿಕೆ ನೀಡುವವರು: ಮೃತರ ಹೆಂಡತಿ. ಊರಿನಲ್ಲಿ ಕರೆಯುವ ಹೆಸರು ‘ರೇಡಿಯೋ’. ವಯಸ್ಸು 47 ವರ್ಷ. ಕಸುಬು: ಬಟ್ಟೆ ಹೊಲಿಗೆ. ವಾಸ: ನೀರಿನ ತೊಟ್ಟಿಯ ಹಿಂದಿನ ಬೀದಿ, ಎಡಗಡೆ ಮೂರನೆಯ ಮನೆ.

ಠಾಣೆಗೆ ಬಂದು, ಕೇಳಿದ್ದಕ್ಕೆ ಉತ್ತರವಾಗಿ, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುವುದೇನೆಂದರೆ:

ಮೇಲ್ಕಂಡ ವಿಳಾಸದಲ್ಲಿ ನಾನು ಮತ್ತು ನನ್ನ ಗಂಡ ವಾಸವಾಗಿದ್ದೆವು. ನನ್ನ ಗಂಡನ ವಯಸ್ಸು 52. ಬಾವಿ ಕೆಲಸ, ಕಾಲುವೆ ಕೆಲಸ ಮಾಡುತ್ತಿದ್ದರು. ಸಣ್ಣ ಸಂದಿಯಲ್ಲೂ ನುಸುಳುತ್ತಿದ್ದುದರಿಂದ ಊರಿನವರು ಅವರನ್ನು ‘ಮುಂಗುಸಿ’ ಎಂದು ಕರೆಯುತ್ತಿದ್ದರು. ನಾನು ಮಾತು ಜಾಸ್ತಿ ಆಡುವುದರಿಂದ ನನಗೆ ‘ರೇಡಿಯೋ’ ಎಂಬ ಹೆಸರು ಬಂದಿದೆ. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಠಾಣೆಯ ಬರಹಗಾರರು ಹೇಳಿದರು. ಅಗತ್ಯವಿದೆ ಎಂದು ಹೇಳಿ ಬರೆಸಿದ್ದೇನೆ.

ನಮ್ಮ ಊರಿನ ನೂರ ನಲವತ್ತು ಮನೆಗಳಿಗೆ ನೀರು ಬರುವುದು ಕಾಡಿನೊಳಗಿನ ಒಂದೇ ಒರತೆಯಿಂದ. ಗುಡ್ಡದ ಬದಿಯಲ್ಲಿ ಹಿಂದಿನವರು ಕೊರೆದ ಸುರಂಗವಿದೆ. ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರ. ಉದ್ದ ಹತ್ತು ಮಾರು ಎಂದು ನಾನು ಹೇಳಿದೆ. ಪೊಲೀಸರು ಟೇಪು ಹಿಡಿದು ಐವತ್ತೊಂಬತ್ತು ಅಡಿ ಎಂದು ಬರೆದುಕೊಂಡಿದ್ದಾರೆ. ನಾನೂ ಟೇಪು ಹಿಡಿದು ಬದುಕುವವಳು, ಒಪ್ಪಿದ್ದೇನೆ. ಮೇಲಿನ ಮರಗಳ ಬೇರು ಸುರಂಗದ ಕೊನೆಗೆ ಇಳಿದು, ಎಲೆ ಮತ್ತು ಕೆಸರು ಸೇರಿ, ನೀರಿಗೆ ಅಡ್ಡ ಬಿರಡೆಯಂತೆ ಕೂರುತ್ತದೆ. ಬೇಸಿಗೆಗೆ ಮುಂಚೆ ವರ್ಷಕ್ಕೊಮ್ಮೆ ಅದನ್ನು ಬಿಡಿಸಬೇಕು. ಮರವಿದ್ದರೇ ನೀರು, ಬೇರು ಬಿಡಿಸಿದರೇ ನೀರು, ಎರಡೂ ನಿಜ ಎಂದು ನನ್ನ ತಂದೆ ಹೇಳುತ್ತಿದ್ದರು. ಅವರೇ ಮೊದಲು ಈ ಕೆಲಸ ಮಾಡುತ್ತಿದ್ದವರು. ನನ್ನ ಗಂಡನಿಗೆ ಕಲಿಸಿದವರೂ ಅವರೇ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೆವಳಿ ಒಳಗೆ ಹೋಗುತ್ತಾರೆ. ಒಳಗೆ ತಿರುಗಲು ಜಾಗವಿಲ್ಲ, ವಾಪಸು ಬರುವಾಗ ಕಾಲು ಮುಂದಾಗಿಯೇ ಬರಬೇಕು. ಇನ್ನೊಬ್ಬರು ಸುರಂಗದ ಬಾಯಲ್ಲಿ ಹಗ್ಗ ಹಿಡಿದು ಕೂತು, ಬಿಡದೆ ಮಾತಾಡುತ್ತಿರಬೇಕು. ಒಳಗಿನ ಕತ್ತಲಲ್ಲಿ ಆ ದನಿಯೊಂದೇ ದಾರಿ ತೆರೆದಿದೆ ಎಂಬುದಕ್ಕೆ ಗುರುತು. ದನಿ ನಿಂತರೆ ಒಳಗಿನವರು ಹಗ್ಗವನ್ನು ಒಮ್ಮೆ ಎಳೆದು ಕೇಳುತ್ತಾರೆ, ಹೊರಗಿನವರು ಒಮ್ಮೆ ಎಳೆದು ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಹೊರಗೇನೋ ಆಗಿದೆ ಎಂದು ಒಳಗಿನವರು ಕೆಲಸ ಬಿಟ್ಟು ಬರುತ್ತಾರೆ. ಕೆಲಸದ ನಡುವೆ ಬರುವಾಗ, ಅರ್ಧ ಬಿಡಿಸಿದ ಬಿರಡೆ ಹಿಂದಿನ ನೀರಿನ ಒತ್ತಡಕ್ಕೆ ಕುಸಿಯದಂತೆ ಅದಕ್ಕೊಂದು ಹಲಗೆ ಆನಿಸಿ ಬರಬೇಕು. ನಮ್ಮ ಶಾಲೆಯ ಗೋಡೆಯ ಮೇಲೆ ಮಾತು ಬೆಳ್ಳಿ, ಮೌನ ಬಂಗಾರ ಎಂದು ಬರೆದಿದೆ. ಸುರಂಗದ ಬಾಯಲ್ಲಿ ಅದು ನಡೆಯುವುದಿಲ್ಲ. ನನ್ನ ತಂದೆಗೆ ನನ್ನ ತಾಯಿ ಮಾತಾಡುತ್ತಿದ್ದರು. ನನ್ನ ಗಂಡನಿಗೆ ಇಪ್ಪತ್ತಾರು ವರ್ಷದಿಂದ ನಾನು.

ಎರಡು ವರ್ಷದ ಹಿಂದೆ ಹೊಸ ಕಾಯ್ದೆಯ ಪ್ರಕಾರ ಆ ಕಾಡಿಗೆ ಬೇಲಿ ಹಾಕಿ, ಅನುಮತಿ ಇಲ್ಲದೆ ಒಳಗೆ ಹೋಗಬಾರದು ಎಂದು ಫಲಕ ನಿಲ್ಲಿಸಿದರು. ಒರತೆ ಬಿಡಿಸಲು ಅನುಮತಿ ಬೇಕೆಂದು ನನ್ನ ಗಂಡ ಮೂರು ಅರ್ಜಿ ಕೊಟ್ಟಿದ್ದಾರೆ. ಮೊದಲನೆಯದು, ಯಾವ ಅರಣ್ಯ ಉತ್ಪನ್ನವನ್ನು ತೆಗೆಯುತ್ತೀರಿ ಎಂದು ನಮೂದಿಸಿಲ್ಲ ಎಂಬ ಕಾರಣಕ್ಕೆ ವಾಪಸು ಬಂತು. ಎರಡನೆಯದರಲ್ಲಿ ಬೇರು, ಎಲೆ, ಕೆಸರು ಎಂದು ಬರೆದರು. ಬೇರು ಮತ್ತು ಎಲೆಯನ್ನು ಕಾಡಿನಿಂದ ತೆಗೆಯುವುದು ನಿಷಿದ್ಧ ಎಂದು ತಿರಸ್ಕರಿಸಿದರು. ಮೂರನೆಯದಕ್ಕೆ ಉತ್ತರ ಬಂದಿಲ್ಲ. ಹೋದ ವರ್ಷ ಬಿಡಿಸಲಿಲ್ಲ. ಈ ವರ್ಷ ತೊಟ್ಟಿಗೆ ಬೆರಳು ದಪ್ಪದ ನೀರು ಬರುತ್ತಿತ್ತು.

ಸುಮಾರು ನಲವತ್ತು ದಿನದ ಹಿಂದೆ ಶಾಲೆಯ ಕೋಣೆಯಲ್ಲಿ ಒಂದು ಸಭೆ ನಡೆಯಿತು. ಕಾಡಿನ ಉಪಯೋಗಗಳಿಗೆ ಬೆಲೆ ಕಟ್ಟಲು ಒಬ್ಬ ಅಧಿಕಾರಿ ಬಂದಿದ್ದರು. ಅವರ ಹಾಳೆಯಲ್ಲಿ ಮರ, ಸೌದೆ, ಜೇನು, ಶುದ್ಧ ಗಾಳಿ, ನೋಟ, ನಿಶ್ಶಬ್ದ ಎಂದು ಕಾಲಮ್ಮುಗಳಿದ್ದವು. ನನ್ನ ಗಂಡ ಎದ್ದು ನಿಂತು, ನೀರು ಅಂತ ಬರ್ಕೊಳ್ಳಿ ಸಾರ್ ಎಂದರು. ನೀರು ಬೇರೆ ಕಚೇರಿಗೆ ಸೇರಿದ್ದು, ಈ ಹಾಳೆಯಲ್ಲಿ ಬರುವುದಿಲ್ಲ ಎಂದು ಅಧಿಕಾರಿ ತಿಳಿಸಿದರು. ಅದಕ್ಕೆ ನನ್ನ ಗಂಡ, ಹಾಗಾದ್ರೆ ನಮ್ಮೂರ ನೀರು ಕಚೇರಿಯಿಂದ ಹರಿದು ಬರುತ್ತಾ ಸಾರ್ ಎಂದು ಕೇಳಿದರು. ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕರು. ಅವರು ಕೆಟ್ಟವರಲ್ಲ. ನಿಶ್ಶಬ್ದದ ಕಾಲಮ್ಮು ಬಂದಾಗ ನನ್ನ ಗಂಡ ನನ್ನ ಕಡೆ ಕೈ ತೋರಿಸಿ, ಇದೊಂದನ್ನ ಮಾತ್ರ ಇವಳ ಹತ್ರ ಕೇಳ್ಬೇಡಿ ಎಂದರು. ಆಗಲೂ ಎಲ್ಲರೂ ನಕ್ಕರು.

ನನ್ನ ಸ್ವಂತ ತಮ್ಮ, ವಯಸ್ಸು 39, ಅದೇ ಕಾಡಿನ ಕಾವಲುಗಾರ. ಒರತೆ ಬಿಡಿಸುವ ವಿಚಾರವನ್ನು ನಾವು ಅವನಿಗೆ ಹೇಳಿರಲಿಲ್ಲ. ಹೇಳಿದರೆ ಅವನಿಗೆ ಬಿಸಿತುಪ್ಪ, ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಅವನು ಬೇರೆ ಕಡೆ ಗಸ್ತಿಗೆ ಹೋಗುವ ದಿನ ನೋಡಿಕೊಂಡು, ನಿನ್ನೆ ದಿನಾಂಕ 13, ಮಂಗಳವಾರ, ಬೆಳಿಗ್ಗೆ 7.15ಕ್ಕೆ ನಾನೂ ನನ್ನ ಗಂಡನೂ ಮನೆ ಬಿಟ್ಟೆವು. ಬಾಗಿಲು ಹಾಕುವಾಗ ಬೀಗದ ಕೈ ಸಿಗದೆ ಐದು ನಿಮಿಷ ತಡವಾಯಿತು. ಅದು ಅವರ ಜೇಬಿನಲ್ಲೇ ಇತ್ತು. 8.20ಕ್ಕೆ ಸುರಂಗದ ಹತ್ತಿರ ಬಂದೆವು. 8.40ಕ್ಕೆ ಅವರು ಒಳಗೆ ಹೋದರು. ಹೋಗುವ ಮುಂಚೆ ಎಂದಿನಂತೆ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಈ ಹೇಳಿಕೆಯಲ್ಲಿನ ಸಮಯಗಳೆಲ್ಲ ಆ ಗಡಿಯಾರದವು.

10.30ರವರೆಗೆ ಹನ್ನೊಂದು ಬುಟ್ಟಿ ಬೇರು, ಕೆಸರು ಹೊರಗೆ ಬಂತು. ನಾನು ಮಾತಾಡುತ್ತಲೇ ಇದ್ದೆ. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದ್ದರಿಂದ ಹೇಳುತ್ತೇನೆ. ಅಂಚೆಯವರ ಪ್ಯಾಂಟನ್ನು ನಾನು ತಪ್ಪಿ ಅವರ ದಪ್ಪನೆಯ ಭಾವನ ಅಳತೆಗೆ ಹೊಲಿದುಬಿಟ್ಟಿದ್ದೆ. ಅಂಚೆಯವರು ಅದನ್ನು ಹಾಕಿಕೊಂಡು ಎರಡು ಕೈಯಲ್ಲೂ ಸೊಂಟ ಹಿಡಿದು ನಮ್ಮ ಬಾಗಿಲಿಗೆ ಬಂದ ಕಥೆ ಹೇಳುತ್ತಿದ್ದೆ. ಅದಕ್ಕೆ ಅವರು ಏನಂದ್ರು ಗೊತ್ತಾ, ಎಂಬಲ್ಲಿಗೆ ಬಂದಾಗ ಬೂಟಿನ ಸದ್ದು ಕೇಳಿಸಿತು. ಆಗ 10.38. ಹಗ್ಗದ ತುದಿ ಬೇರಿಗೆ ಕಟ್ಟಿ, ಹನ್ನೆರಡು ಅಡಿ ದೂರದ ಪೊದೆಯ ಹಿಂದೆ ಕೂತೆ. ಮಾತು ನಿಲ್ಲಿಸಿದೆ.

10.40ಕ್ಕೆ ನನ್ನ ತಮ್ಮ ಬಂದ. ಸುರಂಗದಿಂದ ಸುಮಾರು ನಲವತ್ತು ಅಡಿ ದೂರದ ಬಂಡೆಯ ಮೇಲೆ, ನಮ್ಮ ಕಡೆಗೆ ಬೆನ್ನು ಹಾಕಿ ಕೂತ. ಅವನಿಗೆ ನಾನು ಕಂಡಿಲ್ಲ ಎಂದುಕೊಂಡೆ. ಅಕ್ಕ ಕಂಡರೆ ಹಿಡಿದು ಕೊಡಬೇಕು, ಕೊಡದಿದ್ದರೆ ಕೆಲಸ ಹೋಗುತ್ತದೆ, ಆದ್ದರಿಂದ ಕಾಣಬಾರದು ಎಂದು ಉಸಿರು ಹಿಡಿದೆ. 10.44ಕ್ಕೆ ಬೆಲೆ ಕಟ್ಟುವ ಅಧಿಕಾರಿ ಮತ್ತು ಅವರ ಕಡೆಯ ಇಬ್ಬರು ಬಂದು ಬಂಡೆಯ ಆಚೆಯ ನೆರಳಿನಲ್ಲಿ ನಿಂತರು. ಆಗ ನನ್ನ ತಮ್ಮ ಮೊಬೈಲನ್ನು ಕಿವಿಗಿಟ್ಟು ಜೋರಾಗಿ ಮಾತಾಡಲು ಶುರುಮಾಡಿದ. ಬಸ್ಸು ಎಷ್ಟು ಹೊತ್ತಿಗೆ, ಸೀಮೆಸುಣ್ಣ ಎಲ್ಲಿಟ್ಟೆ, ಹಾಲು ಉಕ್ಕಿತಾ, ಹೀಗೆ ತಲೆಬುಡವಿಲ್ಲದ ಮಾತು. ನನಗೆ ಸಿಟ್ಟು ಬಂತು. ಇವನು ಬಾಯಿ ಮುಚ್ಚಿ ಎದ್ದು ಹೋಗಬಾರದೇ ಎಂದು ಮನಸ್ಸಿನಲ್ಲೇ ಬೈದೆ.

ಆ ಜಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಆಗ ಹೊಳೆಯಲಿಲ್ಲ.

10.47ಕ್ಕೆ ಅಧಿಕಾರಿ, ಈ ಜಾಗ ಬಹಳ ಶಾಂತವಾಗಿದೆ, ನಿಶ್ಶಬ್ದದ ಅಳತೆಯನ್ನು ಇಲ್ಲೇ ತೆಗೆಯೋಣ, ಹತ್ತು ನಿಮಿಷ ಯಾರೂ ಮಾತಾಡಬೇಡಿ ಎಂದರು. ನನ್ನ ತಮ್ಮ ಮಾತು ಮುಂದುವರಿಸಿದ. ಅಧಿಕಾರಿ ಎರಡನೆಯ ಸಲ ಹೇಳಿದರು. ಮನೇಲಿ ತುಂಬಾ ತೊಂದರೆ ಸಾರ್, ಒಂದೇ ನಿಮಿಷ ಎಂದು ಇವನು ಹೇಳಿದ. ಅಧಿಕಾರಿ ತಾವೇ ಹತ್ತಿರ ಬಂದು ಅವನ ಕೈಯಿಂದ ಮೊಬೈಲ್ ತೆಗೆದು ಅವನ ಜೇಬಿಗೆ ಹಾಕಿದರು. ಮೆಲ್ಲಗೆ, ಬೈಯದೆ ಹಾಕಿದರು. 10.49ಕ್ಕೆ ಸಣ್ಣ ಡಬ್ಬಿಯಂಥ ಯಂತ್ರವನ್ನು ಬಂಡೆಯ ಮೇಲಿಟ್ಟರು. ಎಲ್ಲರೂ ಸುಮ್ಮನಾದರು.

10.52ಕ್ಕೆ ಹಗ್ಗ ಒಮ್ಮೆ ಅಲುಗಿತು. ಅದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಗಂಡನಿಗೆ ಒಳಗೆ ನಗು ಬಂದರೂ ಹಗ್ಗ ಅಲುಗಿಸುವ ಅಭ್ಯಾಸವಿತ್ತು, ಕಥೆ ಅರ್ಧಕ್ಕೆ ನಿಂತರೆ ಮುಂದೆ ಹೇಳು ಎಂದೂ ಹಾಗೇ ಕಾಡುತ್ತಿದ್ದರು. ಅಂಚೆಯವರು ಏನಂದರು ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. 10.55ಕ್ಕೆ ಹಗ್ಗ ಮತ್ತೆ ಅಲುಗಿತು. ಈ ಸಲ ಜೋರಾಗಿತ್ತು. ನಗು ನಿಂತಿತು. ಹಗ್ಗ ಮುಟ್ಟಬೇಕಾದರೆ ಹನ್ನೆರಡು ಅಡಿ ಬಯಲಿಗೆ ಬರಬೇಕು. ಅಧಿಕಾರಿಯ ಮುಖ ಇತ್ತ ಕಡೆಗೇ ಇತ್ತು. ಮೂರನೆಯ ಸಲ ಎಳೆದರೆ ಏನಾದರಾಗಲಿ ಎದ್ದು ಹೋಗುತ್ತೇನೆ ಎಂದು ತೀರ್ಮಾನ ಮಾಡಿದೆ.

ಮೂರನೆಯ ಸಲ ಎಳೆಯಲಿಲ್ಲ. ಕೆಲಸಕ್ಕೆ ಮರಳಿದರು ಎಂದು ಸಮಾಧಾನ ಮಾಡಿಕೊಂಡೆ.

10.59ಕ್ಕೆ ಯಂತ್ರ ಆರಿಸಿದರು. ಅಧಿಕಾರಿ ಅದನ್ನು ನೋಡಿ, ಇಷ್ಟು ಒಳ್ಳೆಯ ನಿಶ್ಶಬ್ದ ಬೇರೆಲ್ಲೂ ಸಿಕ್ಕಿಲ್ಲ ಎಂದರು. 11.01ಕ್ಕೆ ಸುರಂಗದ ಬಾಯಿಂದ ಒಮ್ಮೆಲೇ ನೀರು ಬಂತು, ಅದರ ಹಿಂದೆ ಕೆಸರು ಬಂತು. ಅಧಿಕಾರಿಯ ಕಡೆಯವರಲ್ಲೊಬ್ಬರು ಖುಷಿಯಿಂದ ಕೂಗಿ ಫೋಟೋ ತೆಗೆದರು. ಅವರಿಗೆ ಗೊತ್ತಿರಲಿಲ್ಲ. ನಾನು ಎದ್ದು ಓಡಿದೆ. ನನಗಿಂತ ಮೂರು ಪಟ್ಟಿಗೂ ಹೆಚ್ಚು ದೂರದಲ್ಲಿದ್ದ ನನ್ನ ತಮ್ಮ ನನಗಿಂತ ಮುಂಚೆ ಅಲ್ಲಿದ್ದ. ಭಾವಾ ಭಾವಾ ಎಂದು ಕೂಗುತ್ತಾ ಬರಿಗೈಯಲ್ಲಿ ಕೆಸರು ತೋಡುತ್ತಿದ್ದ. ಆಗ ನನಗೆ ತಿಳಿಯಿತು, ಅವನಿಗೆ ಎಲ್ಲ ಗೊತ್ತಿತ್ತು.

ನನ್ನ ತಮ್ಮ ಠಾಣೆಯಲ್ಲಿ ಏನು ಹೇಳಿದ್ದಾನೆಂದು ಇಂದು ನನಗೆ ಓದಿ ಹೇಳಿದರು. ಗಸ್ತು ಬದಲಾಗಿ ಅಧಿಕಾರಿಗಳಿಗೆ ದಾರಿ ತೋರಿಸಲು ಬಂದವನು, ದಾರಿಯಲ್ಲೇ ನನ್ನ ದನಿ ಕೇಳಿ, ಅವರನ್ನು ಬಳಸುದಾರಿಗೆ ಕಳಿಸಿ, ತಾನು ಮುಂದೆ ಬಂದು ನನಗೆ ಅಡ್ಡವಾಗಿ ಕೂತನಂತೆ. ನನ್ನ ದನಿ ನಿಂತದ್ದನ್ನು ನೋಡಿ, ಒಳಗಿನವರಿಗೆ ಯಾವುದಾದರೂ ಒಂದು ದನಿ ಕೇಳಿಸಲಿ ಎಂದು ಮೊಬೈಲ್ ಹಿಡಿದು ಮಾತಾಡಿದನಂತೆ. ಅವನೂ ಅದೇ ತಂದೆಯ ಮಗ, ಅದೇ ತಾಯಿಯ ದನಿ ಕೇಳಿ ಬೆಳೆದವನು. ನಲವತ್ತು ಅಡಿ ದೂರದ ಮಾತು ಒಳಗೆ ಮುಟ್ಟಿತೋ ಇಲ್ಲವೋ ಯಾರೂ ಹೇಳಲಾರರು. ಅವನು ನನ್ನ ಮರ್ಯಾದೆ ಕಾದ, ನಾನು ಅವನ ಕೆಲಸ ಕಾದೆ. ಒಳಗಿದ್ದವರನ್ನು ಯಾರೂ ಕಾಯಲಿಲ್ಲ.

ನನ್ನ ಗಂಡ ಸುರಂಗದ ಬಾಯಿಂದ ಒಂಬತ್ತು ಅಡಿ ಒಳಗೆ ಸಿಕ್ಕರು. ಕಾಲು ಹೊರಗಡೆಗೆ ಇತ್ತು. ಬಿರಡೆ ಕುಸಿಯದಂತೆ ಆನಿಸಿ ಬರಬೇಕಾದ ಹಲಗೆ ಸುರಂಗದ ಕೊನೆಯಲ್ಲಿ ಹಾಗೇ ಬಿದ್ದಿತ್ತು. ಹಲಗೆ ಆನಿಸದೆ ಅವರು ಯಾವತ್ತೂ ಬಂದವರಲ್ಲ. ಕೊನೆಯಿಂದ ಒಂಬತ್ತು ಅಡಿಯವರೆಗೆ ಹಿಂದಕ್ಕೆ ತೆವಳಿ ಬರಲು ಅವರಿಗೆ ಆರು ನಿಮಿಷ ಬೇಕು. 10.55ಕ್ಕೆ ಆರು ಕೂಡಿಸಿದರೆ 11.01. ಹಗ್ಗವನ್ನು ಮೂರನೆಯ ಸಲ ಯಾಕೆ ಎಳೆಯಲಿಲ್ಲ ಎಂದರೆ, ನನಗೇನಾಯಿತೋ ಎಂದು ನೋಡಲು ಅವರು ಆಗಲೇ ಹೊರಟಿದ್ದರು.

ಅವರನ್ನು ಹೊರಗೆ ತೆಗೆಯಲು 12.50 ಆಯಿತು. ಅಷ್ಟು ಹೊತ್ತೂ ನಾನು ಸುರಂಗದ ಬಾಯಲ್ಲಿ ಕೂತು ಮಾತಾಡಿದೆ. ಅಧಿಕಾರಿಯವರು ಸಾಕಮ್ಮ, ಸುಮ್ಮನಿರಿ ಎಂದು ಅಳುತ್ತಾ ಹೇಳಿದರು. ಒಳಗಿರುವವರು ಹೊರಗೆ ಬರುವವರೆಗೆ ನಿಲ್ಲಿಸುವ ಹಾಗಿಲ್ಲ ಎಂದು ನನ್ನ ತಮ್ಮ ಅವರಿಗೆ ತಿಳಿಸಿದ. ನಾನು ಬಿಟ್ಟಲ್ಲಿಂದ ಶುರುಮಾಡಿದೆ. ಅಂಚೆಯವರು ಹೇಳಿದ್ದು, ಇರಲಿ ಬಿಡಮ್ಮ, ಇದನ್ನ ಚಿಕ್ಕದು ಮಾಡಬೇಡ, ನಾನೇ ಇಳಿದುಹೋಗಿದೀನಿ ಅಂತ ಮನೇಲಿ ಹೇಳ್ತೀನಿ, ಒಂದು ತುತ್ತು ಜಾಸ್ತಿ ಬಡಿಸ್ತಾಳೆ, ಎಂದು. ಹೇಳಿ ಮುಗಿಸಿ ಹಗ್ಗ ನೋಡಿದೆ.

ಜಪ್ತಿ ಪಟ್ಟಿಯಲ್ಲಿ ಕುಡುಗೋಲು, ಹಗ್ಗ, ಬುಟ್ಟಿ ಮತ್ತು ಹನ್ನೊಂದು ಬುಟ್ಟಿ ಬೇರು, ಕೆಸರನ್ನು ಕಳವು ಮಾಲು ಎಂದು ಬರೆದಿದ್ದಾರೆ. ನನ್ನ ಗಂಡ ಕಳ್ಳರಲ್ಲ. ಆ ಕೆಸರು ಈಗಲೂ ಅಲ್ಲೇ ಬಿದ್ದಿದೆ, ಕಾಡಿನದು ಕಾಡಿನಲ್ಲೇ ಇದೆ. ನಿನ್ನೆ ಮಧ್ಯಾಹ್ನದಿಂದ ತೊಟ್ಟಿಗೆ ತೋಳು ದಪ್ಪದ ನೀರು ಬರುತ್ತಿದೆ. ಈ ಹೇಳಿಕೆ ಕೊಡುವಾಗ ಮಹಿಳಾ ಪೇದೆಯವರು ಒಂದು ಲೋಟ ನೀರು ಕೊಟ್ಟರು. ಠಾಣೆಯ ನಲ್ಲಿಗೂ ಅದೇ ತೊಟ್ಟಿಯಿಂದ ಬರುವ ನೀರು. ಕುಡಿಯಬಾರದು ಎಂದುಕೊಂಡಿದ್ದೆ. ಅವರು ತಂದದ್ದನ್ನು ಚೆಲ್ಲಲು ಮನಸ್ಸು ಬಾರದೆ ಕುಡಿದೆ.

ನನ್ನ ತಮ್ಮನ ಮೇಲೆ ನನ್ನ ದೂರಿಲ್ಲ. ಅಧಿಕಾರಿಯ ಮೇಲೂ ಇಲ್ಲ. ಯಾರ ಮೇಲೆ ಸಂಶಯ ಎಂದು ಕೇಳಿದ್ದಕ್ಕೆ, ನಾನು ಮಾತು ನಿಲ್ಲಿಸಿದೆ ಎಂದಷ್ಟೇ ಬರೆಸಿದ್ದೇನೆ. ಒಂದು ಕೋರಿಕೆ ಇದೆ. ನಿಶ್ಶಬ್ದದ ಕಾಲಮ್ಮಿನಲ್ಲಿ ಆ ಹತ್ತು ನಿಮಿಷಕ್ಕೆ ಪೂರ್ತಿ ಅಂಕ ಹಾಕಿದ ಹಾಳೆಯನ್ನು ನನಗೆ ತೋರಿಸಿದರು. ಆ ಅಂಕದ ಪಕ್ಕದಲ್ಲಿ, ಆಗ ಒಳಗೊಬ್ಬರು ಕೇಳಿಸಿಕೊಳ್ಳುತ್ತಿದ್ದರು ಎಂದು ಬರೆಯಬೇಕು.

ಬರೆದದ್ದನ್ನು ಬರಹಗಾರರು ಜೋರಾಗಿ, ನಡುವೆ ಎಲ್ಲೂ ನಿಲ್ಲಿಸದೆ ಓದಿ ಹೇಳಿದರು. ಹಾಗೆ ಓದಿ ಎಂದು ಕೇಳಿಕೊಂಡವಳು ನಾನೇ. ಎಲ್ಲವೂ ನಡೆದಂತೆಯೇ ಇದೆ, ನಿಜವಿದೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: 14, ಬುಧವಾರ
ಸಮಯ: ಮಧ್ಯಾಹ್ನ 3.10, ನನ್ನ ಗಂಡನ ಕೈಗಡಿಯಾರದಂತೆ

(ಸಹಿ)
ಹೇಳಿಕೆ ನೀಡಿದವರು